ಪರದೆಯ ಹಿಂದಿನ ದನಿ

ಬೆಟಗೇರಿಯಲ್ಲಿ ಹೋರಾಟದ ಹಾಡುಗಳ ಹಳೇ ಕ್ಯಾಸೆಟ್ಟು, ಕರಪತ್ರಗಳನ್ನು ಕೂಡಿಡುವ ಒಂದು ಸಂಗ್ರಹವಿದೆ. ನನ್ನ ಮೊಮ್ಮಗಳಿಗೆ ಅಲ್ಲಿಯೇ ಕೆಲಸ. ನಾನು ಓದಿದ್ದು ಮೂರನೇ ಇಯತ್ತೆ. ಅವಳ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಆದರೂ ಅವಳು ಕ್ಯಾಸೆಟ್ಟಿನ ಬೂಷ್ಟನ್ನು ಕೂಸಿನ ಮೈ ಒರೆಸಿದಂತೆ ಒರೆಸುವುದನ್ನು ನೋಡಿದರೆ ಎದೆ ಉಕ್ಕಿ ಬರುತ್ತದೆ.

ಹೋದ ತಿಂಗಳು ಅವಳು ಶಿರಹಟ್ಟಿಯ ನಮ್ಮ ಮನೆಗೆ ಬಂದವಳೇ ನನ್ನ ಕಿವಿಗೆ ಹೆಡ್‌ಫೋನು ಹಾಕಿದಳು. ಬಹಳ ವರ್ಷಗಳ ಹಿಂದೆ ಲಕ್ಷ್ಮೇಶ್ವರದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಲು ನಾವು ಹೆಂಗಸರು ಧರಣಿ ಕೂತಿದ್ದೆವು. ನಮ್ಮ ಊಟದ ಖರ್ಚಿಗೆಂದು ಸಹಾಯಾರ್ಥ ಹಾಡಿನ ಕಾರ್ಯಕ್ರಮ ನಡೆದಿತ್ತು. ಅದರ ಕ್ಯಾಸೆಟ್ಟು ಈಗ ಅವಳಿಗೆ ಸಿಕ್ಕಿತ್ತು.

"ನೀನ ಹಾಡೀದಿ, ಆಯಿ. ಕ್ಯಾಸೆಟ್ಟಿನ ಕಾರ್ಡಿನ ಮ್ಯಾಲ ನಿನ್ನ ಹೆಸರ ಬರದೇನಿ," ಎಂದಳು.

ದನಿ ಕೇಳಿತು. ಅದು ತೀರಿಹೋದ ನನ್ನ ಅಕ್ಕನ ದನಿ.

ಅಕ್ಕನ ಗಂಡ ಸಾರಾಯಿ ಕುಡಿದೇ ಸತ್ತಿದ್ದ. ಆಗಿನ್ನೂ ಎರಡು ತಿಂಗಳು. ಆ ಹಾಡನ್ನು ಅವಳು ರೊಟ್ಟಿ ಬಡಿಯುತ್ತ ಕಟ್ಟಿದ್ದಳು. ಆದರೆ ಗಂಡ ಸತ್ತವಳು ವರ್ಷ ತುಂಬುವ ಮೊದಲೇ ಮಂದಿಯ ಮುಂದೆ ಹಾಡಿದರೆ ಅತ್ತೆ ಮತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅದಕ್ಕೆ ಅವಳು ವೇದಿಕೆಯ ಪರದೆಯ ಹಿಂದೆ ಮೈಕು ಹಿಡಿದು ಕೂತಳು. ಮುಂದೆ ನಾನು, ತಂತಿ ಬಿಚ್ಚಿದ ಮೈಕಿನೆದುರು ಬರೀ ಬಾಯಿ ಆಡಿಸಿದೆ. ಮೈಕ್‌ಸೆಟ್ಟಿನವನಿಗೆ ಮಾತ್ರ ಗೊತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಹಿಂದಕ್ಕೆ ತಿರುಗುವಂತಿರಲಿಲ್ಲ.

ಅಂಗಡಿ ಮುಚ್ಚಿತು. ಹೆಸರು ನನ್ನದಾಯಿತು. ವರ್ಷ ತುಂಬಲಿ, ಎಲ್ಲರಿಗೂ ಹೇಳೋಣ ಅಂತ ಇಬ್ಬರೂ ಅಂದುಕೊಂಡಿದ್ದೆವು. ಅಷ್ಟರೊಳಗೆ ಜ್ವರ ಬಂದು ಅಕ್ಕ ಹೋದಳು. ಹೇಳಲು ಆಮೇಲೆ ನನಗೆ ಬಾಯೇ ಬರಲಿಲ್ಲ. ಮದುವೆ ಮನೆಗಳಲ್ಲಿ ಹಾಡು ಅಂದರೆ ಗಂಟಲು ಕೆಟ್ಟಿದೆ ಎನ್ನುತ್ತಿದ್ದೆ. ಮೊಮ್ಮಕ್ಕಳ ತೊಟ್ಟಿಲು ತೂಗುವಾಗಲೂ ಒಂದು ಜೋಗುಳ ಹಾಡಲಿಲ್ಲ. ಬಾಯಿ ತೆರೆದರೆ ಸಾಕು, ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಂಡಂತಾಗುತ್ತಿತ್ತು.

ಈಗ ಮೊಮ್ಮಗಳು ಹಿಗ್ಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಆ ಹಿಗ್ಗು ಹಾಗೇ ಉಳಿಯುತ್ತಿತ್ತು. ಹೆಡ್‌ಫೋನು ತೆಗೆದಿಟ್ಟು ಎಲ್ಲವನ್ನೂ ಹೇಳಿದೆ. ಮೊದಲು ಚೇಷ್ಟೆ ಅಂದುಕೊಂಡಳು. ಆಮೇಲೆ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು ಹಾಡನ್ನು ಮತ್ತೊಮ್ಮೆ ಕೇಳಿದಳು.

"ಇದನ್ನ ಬರದ್ರ ಮಂದಿ ನಿನಗ ನಗತಾರ, ಆಯಿ."

"ನಗಲಿ ಬಿಡು. ಅವತ್ತಿನ ಚಪ್ಪಾಳಿ ಆಕೀದು. ಹೊತ್ತು ಹೊತ್ತು ಸಾಕಾಗೇತಿ ನನಗ."

ಅವಳು ಕಾರ್ಡಿನ ಮೇಲಿನ ನನ್ನ ಹೆಸರಿಗೆ ಗೀಟು ಹೊಡೆದು ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಒಂದೊಂದೇ ಅಕ್ಷರ ಮೂಡಿಸಿ ಅಕ್ಕನ ಹೆಸರು ಬರೆದೆ. ಒಳಗೆಲ್ಲ ಹಬ್ಬ.

ಆಮೇಲೆ ಮೊಮ್ಮಗಳು ಮನೆಗೆಲ್ಲ ಕೇಳುವಂತೆ ಹಾಡು ಹಚ್ಚಿದಳು. ಅಡಿಗೆಮನೆಯಿಂದ ನನ್ನ ಸೊಸೆ ಹಿಟ್ಟಿನ ಕೈಯಲ್ಲೇ ಬಂದು, ಇಷ್ಟು ಚಂದ ಯಾರು ಹಾಡಿದ್ದು ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಅಕ್ಕನ ಹೆಸರು ಹೇಳಿದಳು.