ಕಂಠಪ್ಪನವರು ಬರೆದ ಸಹಾಯ

ಹುಣಸೂರಿನ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ, ಕಂಠಪ್ಪನವರು ಇಪ್ಪತ್ತು ವರ್ಷದಿಂದ ಊರವರ ಅರ್ಜಿ ಬರೆಯುತ್ತಿದ್ದಾರೆ. ಒಂದು ಇಳಿಜಾರು ಡೆಸ್ಕು, ಮಸಿ ಕುಡಿಕೆ, ಕೂರಲು ಮಡಿಸಿದ ಕಂಬಳಿ. ಬರೆದ ಹಾಳೆಯ ಮೇಲೆ ಹೊಂಗೆ ಹೂ ಬಿದ್ದರೆ ಒದರುವುದಿಲ್ಲ. ಮಸಿ ಒಣಗಲಿ ಎಂದು ಕಾಯುತ್ತಾರೆ.

ಅವರು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಉಳಿದ ಇಂಗ್ಲಿಷನ್ನು ಕಲಿತದ್ದು ಕಚೇರಿಯ ಕಿಟಕಿಯಿಂದ. ಯಾವ ಪದ ಬರೆದರೆ ಅರ್ಜಿ ಯಾವ ಮೇಜಿಗೆ ಹೋಗುತ್ತದೆಂದು ನೋಡಿ ನೋಡಿ ಗುರುತಿಟ್ಟುಕೊಂಡರು. ಕನ್ನಡದಲ್ಲಿ ಸಹಾಯ ಎಂದರೆ ಸಾಕು. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಹೆಸರು. ಲೋನ್ ಎಂದರೆ ತಿರುಗಿ ಕೊಡಬೇಕು. ಡೊನೇಷನ್ ಎಂದರೆ ಪುಣ್ಯವಂತರು ಕೊಡಬೇಕು, ಸರ್ಕಾರ ಕೊಡುವುದಿಲ್ಲ. ಏಡ್ ಮತ್ತು ಗ್ರಾಂಟ್ ಮಾತ್ರ ಅಕ್ಕತಂಗಿಯರಂತೆ. ದೂರದಿಂದ ನೋಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ.

ಹೋದ ವರ್ಷ ಹೊಂಗೆ ಹೂ ಬಿಟ್ಟಿದ್ದಾಗ, ಬಿಳಿಕೆರೆ ಕಡೆಯ ಹಳ್ಳಿಯೊಂದರಿಂದ ಚಿಕ್ಕಸಿದ್ದಮ್ಮ ಎಂಬ ರೈತ ಹೆಂಗಸು ಬಂದಿದ್ದರು. ಊರವರೇ ಮಣ್ಣು ತುಳಿದು ಸರ್ಕಾರಿ ಶಾಲೆಗೆ ಗೋಡೆ ಎಬ್ಬಿಸಿದ್ದರು. ಹೆಂಚು ಹೊದಿಸುವುದು ಕೈಮೀರಿತ್ತು. ಕಂಠಪ್ಪನವರು ಯೋಚಿಸಿ, ಯಾವ ಮೇಜಿನಲ್ಲೂ ತಕರಾರು ಬಾರದ ಪದವೆಂದು ‘ಅಸಿಸ್ಟೆನ್ಸ್’ ಬರೆದರು.

ಆರು ವಾರದ ಮೇಲೆ ಚಿಕ್ಕಸಿದ್ದಮ್ಮ ಮತ್ತೆ ಬಂದರು.

“ಕಂಠಪ್ಪೋರೆ, ನಾವು ಕೇಳಿದ್ದು ಎಂಚು. ಬಂದಿರೋದು ಟೀಚರಮ್ಮ ಕಣ್ರೀ!”

“ಅಂಗಂದ್ರೇನವ್ವಾ?”

“ಟ್ರಂಕು ಇಡ್ಕಂಡು ಬಸ್ಸಿಂದ ಇಳುದ್ರು. ರುಕ್ಮಿಣಮ್ಮ ಅಂತ. ಅಸಿಸ್ಟೆಂಟು ಟೀಚರಂತೆ. ನೀವೇ ಕೇಳಿದ್ರಲ್ಲಾ ಅಂತ ಕಾಗ್ದ ತೋರುಸ್ತಾರೆ.”

ಕಂಠಪ್ಪನವರು ಅರ್ಜಿಯ ನಕಲು ತೆಗೆದು ನೋಡಿದರು. ಪದದ ಕೊನೆಯಲ್ಲಿ ಅವರ ಲೇಖನಿ ಅವಸರದಲ್ಲಿ ಒಂದು ಕೊಕ್ಕೆ ಎಳೆದಿತ್ತು. ಅಸಿಸ್ಟೆನ್ಸ್ ಎಂಬುದನ್ನು ಅಸಿಸ್ಟೆಂಟ್ ಎಂದು ಓದಿಕೊಳ್ಳಲು ಅಷ್ಟು ಸಾಕು. ಅವರ ಕಿವಿ ಬಿಸಿಯಾಯಿತು.

ಪಕ್ಕದಲ್ಲಿ ಸ್ಟಾಂಪು ಕಾಗದ ಮಾರುವ ಸೋಮಯ್ಯ ಸುಮ್ಮನಿರಲಿಲ್ಲ. “ಮುಂದಿನ್ ಸತಿ ಕಂಠಪ್ಪೋರು ಬಾವಿ ಕೇಳುದ್ರೆ, ಸರ್ಕಾರ ಬಾವನ್ನ ಕಳುಸ್ತದೆ ಬುಡವ್ವ.”

“ತಪ್ಪು ನಂದೇ ಕಣವ್ವ. ತಪ್ಪಾಯ್ತು ಅಂತ ಇವತ್ತೇ ಬರ್ಕೊಡ್ತೀನಿ,” ಎಂದರು ಕಂಠಪ್ಪನವರು.

“ಬ್ಯಾಡಿ, ಬ್ಯಾಡಿ! ಅಂಗ್ ಬರುದ್ರೆ ಅವ್ರುನ್ನ ವಾಪಸ್ ಕರುಸ್ಕತಾರೆ. ಬರೀ ಮೇಷ್ಟ್ರು ಒಬ್ರೇ ಇದ್ದಾಗ ಒಂದೆಣ್ಣು ಸ್ಕೂಲ್ ಮಕ ನೋಡಿರ್ನಿಲ್ಲ. ಈಗ ನಮ್ಮ ಜಗಲಿ ಮ್ಯಾಲೆ ಅನ್ನೊಂದು ಎಣ್ಣುಡುಗೀರು ಕೂತವೆ. ನನ್ನೆಸ್ರು ಎಂಗ್ ಕಾಣ್ತದೆ ಅಂತ ಮೊಮ್ಮಗ್ಳು ಬರ್ದು ತೋರುಸುದ್ಲು. ಮಳೆ ಇಡ್ಕಂಡ್ರೆ ಜಗಲಿ ಆಗಕಿಲ್ಲ. ಟೀಚರಮ್ಮನೂ ಇರ್ಬೇಕು, ಎಂಚೂ ಬರ್ಬೇಕು. ಅಂತಾ ಪದ ಉಡುಕಿ.”

ಕಂಠಪ್ಪನವರು ಅಂದು ಬೇರೆ ಅರ್ಜಿ ಹಿಡಿಯಲಿಲ್ಲ. ‘ಏಡ್’ ಎಂದು ಬರೆಯಹೊರಟವರು ಕೈ ತಡೆದರು. ಏಡ್ ಪಡೆಯುವ ಶಾಲೆಗಳ ಮೇಜೇ ಬೇರೆ. ಅವು ಖಾಸಗಿಯವರ ಶಾಲೆಗಳು. ಉಪಾಧ್ಯಾಯರನ್ನು ಅವರೇ ನೇಮಿಸಿಕೊಳ್ಳಬೇಕು. ಅರ್ಜಿ ಆ ಮೇಜಿಗೆ ಹೋದರೆ ರುಕ್ಮಿಣಮ್ಮನವರ ಟ್ರಂಕು ಮತ್ತೆ ಬಸ್ಸು ಹತ್ತುತ್ತದೆ. ಬರಿಯ ‘ಗ್ರಾಂಟ್’ ಎಂದರೋ, ಜಮೀನು ಕೇಳುವವರ ಕಟ್ಟಿನೊಳಗೆ ಸೇರಿ ಕಾಣೆಯಾಗುತ್ತದೆ. ಬಿಸಿಲು ಡೆಸ್ಕಿನಿಂದ ಕಂಬಳಿಗೆ, ಕಂಬಳಿಯಿಂದ ಚಿಕ್ಕಸಿದ್ದಮ್ಮನ ಪಾದಕ್ಕೆ ಸರಿಯಿತು. ಕೊನೆಗೆ ಅವರು ‘ಬಿಲ್ಡಿಂಗ್ ಗ್ರಾಂಟ್’ ಎಂದು, ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದು, ಕನ್ನಡದಲ್ಲಿ ಓದಿ ಹೇಳಿದರು.

“ತಾವು ಕಳಿಸಿದ ಅಸಿಸ್ಟೆಂಟರಿಗಾಗಿ ಊರಿನವರ ವಂದನೆ. ಗೋಡೆಯನ್ನು ನಾವೇ ಎಬ್ಬಿಸಿದ್ದೇವೆ. ಅವರು ಕೂತು ಪಾಠ ಹೇಳಲು ಚಾವಣಿ ಮಾತ್ರ ಉಳಿದಿದೆ.”

ಚಿಕ್ಕಸಿದ್ದಮ್ಮ ಎರಡು ಸಲ ಓದಿಸಿ ಕೇಳಿದರು. “ಇದು ಸರೋಯ್ತು. ಬೇಡ್ದಂಗೂ ಇಲ್ಲ, ಬೈದಂಗೂ ಇಲ್ಲ.” ರುಜು ಹಾಕುವ ಕಡೆ ಹೆಬ್ಬೆಟ್ಟು ಒತ್ತಲು ಹೋದವರು ಕೈ ಹಿಂದೆಗೆದು ಲೇಖನಿ ಕೇಳಿದರು. ಮೊಮ್ಮಗಳು ಕಲಿಸಿದ ‘ಚಿ’ ಒಂದನ್ನು, ನಾಲಿಗೆ ಕಚ್ಚಿಕೊಂಡು, ಸೊಟ್ಟಗೆ ಬರೆದರು. ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು.

ಆ ಮಳೆಗಾಲವನ್ನು ಮಕ್ಕಳು ಕೊಟ್ಟಿಗೆಯಲ್ಲಿ ಕಳೆದರು. ಹೆಂಚು ಬಂದದ್ದು ಮಾಗಿಯಲ್ಲಿ. ರುಕ್ಮಿಣಮ್ಮನವರ ಟ್ರಂಕು ಅಲ್ಲೇ ಉಳಿದಿದೆ. ಊರು ಈಗಲೂ ಅವರನ್ನು ಅಸಿಸ್ಟೆಂಟಮ್ಮ ಎಂದೇ ಕರೆಯುತ್ತದೆ. ಸೊಗಡಿನ ಅವರೆಕಾಯಿ ಮಡಿಲಲ್ಲಿ ತುಂಬಿಕೊಂಡು ಸುದ್ದಿ ತಂದವರು ಚಿಕ್ಕಸಿದ್ದಮ್ಮನೇ. ಕಾಯನ್ನು ಡೆಸ್ಕಿನ ಮೇಲೆ ಸುರಿದು ಅಲ್ಲೇ ಕೂತರು.

“ಇನ್ನೊಂದು ಅರ್ಜಿ ಆಗ್ಬೇಕಲ್ಲಾ.”

“ಏನ್ ಬೇಕವ್ವಾ?”

“ಊರ್ಗೊಂದು ಔಸ್ದಿ ಪೆಟ್ಗೆ. ಆ ಮೊದುಲ್ನೆ ಪದಾನೇ ಬರೀರಿ, ಕೊನೇಲಿ ಅದೇ ಕೊಕ್ಕೆ ಆಕಿ. ಜತೇಲಿ ಒಬ್ರು ನರ್ಸಮ್ಮ ಬಂದ್ರೂ ಬರ್ಲಿ.”

ಕಂಠಪ್ಪನವರು ನಗುತ್ತ ಲೇಖನಿ ಅದ್ದಿದರು. ಕೊನೆಯ ಅಕ್ಷರ ದುಂಡಗೆ ಬಂತೋ, ಕೊಕ್ಕೆಯಾಯಿತೋ ಗೊತ್ತಿಲ್ಲ. ಸೋಮಯ್ಯ ಕತ್ತು ಚಾಚಿ ನೋಡುವಷ್ಟರಲ್ಲಿ ಹಾಳೆ ಮಡಿಸಿಯಾಗಿತ್ತು.