‘ಹೆಂಗೆ ಗೊತ್ತಾಯ್ತು?’ ಎಂದು ಕೇಳಲು ಕಲಿತದ್ದು

ಪಾಂಡವಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಹೇಳಿಕೊಂಡು ಹಾಯಾಗಿದ್ದ ನಾನು, ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದೆ. ನನಗೆ ಮಾರ್ಗದರ್ಶಕರಾಗಿ ಸಿಕ್ಕ ಮೇಡಂ ಇದ್ದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಶನಿವಾರ ಮಧ್ಯಾಹ್ನ ಅವರ ಮನೆಯ ಜಗಲಿಯೇ ನಮ್ಮ ತರಗತಿ. ನಮ್ಮ ಅಂದರೆ ನನ್ನದು ಮತ್ತು ನಾಗಮಂಗಲದಿಂದ ಬರುತ್ತಿದ್ದ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರದು. ಮೇಷ್ಟ್ರ ಮನೆಯವರೆಲ್ಲ ಲಾರಿ ವ್ಯವಹಾರದಲ್ಲಿದ್ದರು. ಇವರೊಬ್ಬರು ಪುಸ್ತಕದ ಕಡೆ ವಾಲಿಕೊಂಡಿದ್ದರು. ಬರುವಾಗ ಅವರಮ್ಮ ಮಾಡಿಕೊಟ್ಟ ಸಮೋಸದ ಡಬ್ಬಿ ತಪ್ಪದೆ ತರುತ್ತಿದ್ದರು.

ಮೊದಲ ಶನಿವಾರಕ್ಕೆಂದು ಮೇಡಂ ಕೊಟ್ಟಿದ್ದ ಸಂಶೋಧನಾ ಲೇಖನವನ್ನು ನಾನು ಶ್ರದ್ಧೆಯಿಂದ ಓದಿಕೊಂಡು ಹೋಗಿದ್ದೆ. ಮುಖ್ಯವೆನಿಸಿದ ಸಾಲುಗಳಿಗೆಲ್ಲ ಹಳದಿ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ನನಗೆ ಎಲ್ಲ ಸಾಲೂ ಮುಖ್ಯವೆನಿಸಿತ್ತು.

ಮೇಡಂ ಹಾಳೆಗಳನ್ನು ತಿರುಗಿಸಿ ನೋಡಿದರು. ‘ಇದೇನಮ್ಮಾ, ಮದ್ವೆ ಎಣ್ಣಿಗೆ ಬಳ್ದಂಗೆ ಅರಿಸಿನ ಬಳ್ದ್‌ಬುಟ್ಟಿದ್ದೀಯ?’ ಎಂದರು.

ಅವರು ಮಂಡ್ಯ ಸೀಮೆಯವರೇ. ಪಾಠ ಮಾಡುವಾಗ ಪುಸ್ತಕದ ಕನ್ನಡ, ಖುಷಿಯಾದರೆ ಊರಿನ ಮಾತು. ಅಂದು ಒಂದೇ ಮಾತು ಹೇಳಿಕೊಟ್ಟರು. ‘ಅಚ್ಚಾಗಿದೆ ಅಂತ ಕೈಮುಗೀಬೇಡ. ಬರೆದವರು ಎದುರಿಗೆ ಕೂತಿದ್ದಾರೆ ಅಂದ್ಕೊಂಡು ಕೇಳು: ಇದು ನಿಮಗೆ ಹೆಂಗೆ ಗೊತ್ತಾಯ್ತು? ಯಾರನ್ನ ಕೇಳಿದ್ರಿ, ಯಾರನ್ನ ಬಿಟ್ರಿ? ಬೇರೆ ಕಾರಣ ಇರಬಹುದಾ ಅಂತ ಯೋಚಿಸಿದ್ರಾ?’

ಆ ಪ್ರಶ್ನೆಗಳು ನನ್ನ ತಲೆಗೆ ಹೊಕ್ಕ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಒಂದು ದಿನ ನನ್ನ ಗಂಡ ಪೇಪರ್ ಹಿಡಿದು, ‘ದಿನಾ ನಡೆಯೋರು ಹೆಚ್ಚು ಆರೋಗ್ಯವಾಗಿರ್ತಾರಂತೆ’ ಎಂದರು.

‘ಆರೋಗ್ಯವಾಗಿರೋರೇ ದಿನಾ ನಡೀತಿರಬಹುದಲ್ಲ?’ ಎಂದೆ.

ಅವರು ಸ್ವಲ್ಪ ಯೋಚಿಸಿ, ‘ಅಂಗಾದ್ರೆ ನಾಳೆಯಿಂದ ನನ್ನನ್ನ ವಾಕಿಂಗಿಗೆ ಎಬ್ಬಿಸ್ಬೇಡ’ ಎಂದು ಪೇಪರ್ ಮಡಿಸಿಟ್ಟರು. ಮಗಳು ಬಿದ್ದು ಬಿದ್ದು ನಕ್ಕಳು.

ಕೆಲವು ತಿಂಗಳು ಕಳೆಯುವ ಹೊತ್ತಿಗೆ ನನಗೆ ತಪ್ಪು ಹುಡುಕುವುದೇ ಒಂದು ಹಬ್ಬವಾಗಿತ್ತು. ಆಗ ಮೇಡಂ ಬರೆದವರ ಹೆಸರು ತೆಗೆದ ಒಂದು ಹಳೆಯ ಲೇಖನ ಕೊಟ್ಟರು. ಊರಿನ ಡೇರಿಗೆ ತಾವೇ ಹಾಲು ಹಾಕುವ ಹೆಂಗಸರ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚುತ್ತದೆ ಎಂಬುದು ಅದರ ತೀರ್ಮಾನ.

ಮುಂದಿನ ಶನಿವಾರ ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ಡೇರಿಗೆ ಬಂದ ಹೆಂಗಸರನ್ನು ಮಾತ್ರ ಮಾತಾಡಿಸಿದ್ದಾರೆ, ಬಾರದವರ ಸುದ್ದಿಯೇ ಇಲ್ಲ ಎಂದೆ. ಡೇರಿಯ ಕಟ್ಟೆಯ ಮೇಲೆ, ನಾಲ್ಕು ಜನರ ಎದುರು ಮನೆಯ ಗುಟ್ಟು ಕೇಳಿದರೆ ನಿಜ ಹೇಳುತ್ತಾರೆಯೇ ಎಂದೆ. ಮನೆಯಲ್ಲಿ ಮೊದಲೇ ಮಾತು ನಡೆಯುತ್ತಿದ್ದ ಹೆಂಗಸರೇ ಕ್ಯಾನು ಹಿಡಿದು ಡೇರಿಗೆ ಬಂದಿರಬಹುದು, ಲೇಖನ ಕಾರಣ ಪರಿಣಾಮಗಳನ್ನೇ ತಲೆಕೆಳಗು ಮಾಡಿದೆ ಎಂದೆ. ನಾಗಮಂಗಲದ ಮೇಷ್ಟ್ರು ಸಮೋಸ ಕೈಯಲ್ಲಿ ಹಿಡಿದವರು ಬಾಯಿಗಿಡುವುದನ್ನೇ ಮರೆತರು. ಕೊನೆಗೆ ನಾನು, ‘ಇದನ್ನು ಬರೆದವರಿಗೆ ಅವಸರ ಜಾಸ್ತಿ ಇದ್ದ ಹಾಗಿದೆ’ ಎಂದು ಕೂತೆ.

‘ಇತ್ತು ಕನಮ್ಮಾ’ ಎಂದರು ಮೇಡಂ. ‘ನಂಗೆ ಆಗ ಬಲು ಅವಸರ ಇತ್ತು. ಅದು ನನ್ನ ಮೊದಲ್ನೇ ಲೇಖನ.’

ನಾನು ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಮೈತುಂಬ ಹೊದ್ದುಕೊಂಡೆ. ಮೇಷ್ಟ್ರು ‘ಯಾ ಅಲ್ಲಾ!’ ಎಂದರು. ಮೇಡಂ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಆ ಲೇಖನವನ್ನು ಹೀಗೆ ಬಿಡಿಸಿ ನೋಡಿರಲಿಲ್ಲವಂತೆ. ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ಲೋಟ ನನ್ನ ಕೈಗಿಡುತ್ತಾ, ‘ಸರಿ, ಈಗ ಇದರಲ್ಲಿ ಒಳ್ಳೇದೇನಿದೆ ಹೇಳು’ ಎಂದರು.

ಒಳ್ಳೆಯದನ್ನು ನಾನು ಹುಡುಕಿಯೇ ಇರಲಿಲ್ಲ.

‘ವಿಮರ್ಶೆ ಅಂದ್ರೆ ಬರೀ ಕಲ್ಲು ಆರ್ಸೋದಲ್ಲ, ಅಕ್ಕೀನೂ ಉಳಿಸ್ಕೋಬೇಕು’ ಎಂದು ಅವರು ಅದೇ ಲೇಖನವನ್ನು ಮತ್ತೆ ನನ್ನ ಚೀಲಕ್ಕೆ ಹಾಕಿ ಕಳಿಸಿದರು.

ಪಾಂಡವಪುರದ ಸ್ಟೇಷನ್ನಿನಲ್ಲಿ ಇಳಿದವಳು ಊರೊಳಕ್ಕೆ ಹೋಗುವ ಆಟೋ ಹತ್ತದೆ ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಸಕ್ಕರೆ ಕಾರ್ಖಾನೆ ಕಡೆಯಿಂದ ಬೆಲ್ಲದಂಥ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಈ ಸಲ ಲೇಖನ ಬೇರೆಯೇ ಆಗಿ ಕಂಡಿತು. ಹೆಂಗಸರ ಉತ್ತರಗಳನ್ನು ತಿದ್ದದೆ, ಅವರ ಮಾತಿನಲ್ಲೇ ದಾಖಲಿಸಿದ್ದರು. ಪ್ರಶ್ನೆಗಳು ನೇರವಾಗಿದ್ದವು: ಹಬ್ಬಕ್ಕೆ ಬಟ್ಟೆ ಯಾರು ಆರಿಸುತ್ತಾರೆ, ಮಗಳ ಓದು ಮುಂದುವರಿಸುವುದನ್ನು ಯಾರು ತೀರ್ಮಾನಿಸುತ್ತಾರೆ. ಯಾರೂ ಕೇಳದ ಕಾಲದಲ್ಲಿ ಇದನ್ನೆಲ್ಲ ಕೇಳಿದ್ದರು. ಅಂದಿನ ಮೇಡಂ, ಆ ಹರೆಯದ ಹುಡುಗಿ, ಊರೂರು ತಿರುಗಿದ್ದನ್ನು ನೆನೆದು ನನಗೆ ಅವಳ ಮೇಲೆ ಪ್ರೀತಿ ಬಂತು. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ.

‘ಈ ಪ್ರಶ್ನೆಗಳನ್ನೇ ಇಟ್ಕೊಂಡು ಇನ್ನೊಂದ್ಸಲ ಕೇಳೋಣ ಮೇಡಂ. ಈ ಸಲ ಹಾಲು ಹಾಕದವರನ್ನೂ ಕೇಳೋಣ, ಅವರವರ ಮನೇಲಿ ಕೇಳೋಣ.’

‘ನಾನೂ ಬತ್ತೀನಿ’ ಎಂದರು ಅವರು.

ಪ್ರಶ್ನೆಗಳನ್ನು ಪರೀಕ್ಷಿಸಲು ನಾವು ಮೂವರೂ ಮೊದಲು ಹೋದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಗೆ, ನನ್ನ ತವರಿಗೆ. ಅಪ್ಪ ನಡುಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಗಂಭೀರವಾಗಿ, ‘ಅಮ್ಮಾ, ಈ ಮನೇಲಿ ಯಾರ ಮಾತು ನಡೀತದೆ?’ ಎಂದು ಕೇಳಿದರು.

‘ಎಲ್ಲಾ ನಮ್ಮೆಜಮಾನ್ರು ಏಳ್ದಂಗೆ’ ಎಂದಳು ಅಮ್ಮ.

ಅಪ್ಪ ತಲೆದೂಗಿದರು. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡದ್ದರಿಂದ ಎದ್ದು ಹಿತ್ತಿಲಿಗೆ ಓಡಿದರು. ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ‘ಅವ್ರು ಏನೇಳ್ಬೇಕು ಅಂತ ನಾನೇ ಮುಂಚೇನೇ ಏಳ್ಕೊಟ್ಟಿರ್ತೀನಿ. ಅದ್ನ ಬರ್ಕೋಬ್ಯಾಡಿ ಮತ್ತೆ!’

ಮೇಡಂ ಕಂಬ ಹಿಡಿದುಕೊಂಡು ನಕ್ಕರು. ಪ್ರತಿಯೊಬ್ಬರನ್ನೂ ಒಂಟಿಯಾಗಿಯೇ ಮಾತಾಡಿಸಬೇಕೆಂಬ ನಿಯಮ ಅಲ್ಲೇ ಹುಟ್ಟಿತು. ಇದು ಬರೀ ಪರೀಕ್ಷೆ, ನಿನ್ನ ಉತ್ತರ ಲೆಕ್ಕಕ್ಕಿಲ್ಲ ಎಂದು ನಾನು ಹೇಳಿದಾಗ ಮಾತ್ರ ಅಮ್ಮನಿಗೆ ಸಿಟ್ಟು ಬಂತು. ‘ಇಷ್ಟೊತ್ತು ಮಾತಾಡ್ಸ್‌ಬುಟ್ಟು ಲೆಕ್ಕಕ್ಕಿಲ್ವಾ? ಚೆನ್ನಾಗದೆ ಕಣವ್ವಾ ನಿಮ್ಮ ಓದು!’ ಆದರೂ ಮುದ್ದೆ ಉಣ್ಣಿಸದೆ ಬಿಡಲಿಲ್ಲ.

ಆ ಬೇಸಿಗೆಯೆಲ್ಲ ಹಳ್ಳಿ ಹಳ್ಳಿ ಸುತ್ತಿದೆವು. ಮೇಡಂ ಅವರ ಹಳೆಯ ತೀರ್ಮಾನ ಅರ್ಧ ನಿಂತಿತು, ಅರ್ಧ ಬಿತ್ತು. ಮೂವರೂ ಸೇರಿ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದ ಲೇಖನ, ಪರಿಶೀಲಿಸಿದವರ ಆಕ್ಷೇಪಣೆಗಳನ್ನು ಹೊತ್ತು ವಾಪಸ್ ಬಂತು. ಅವತ್ತು ನಾವು ಕೆ.ಆರ್.ಎಸ್.ನ ಒಂದು ಸಣ್ಣ ಹೋಟೆಲಿನಲ್ಲಿ ಹುರಿದ ಮೀನಿನ ಮುಂದೆ ಕೂತಿದ್ದೆವು. ಮೇಷ್ಟ್ರು ಆಕ್ಷೇಪಣೆಗಳನ್ನು ಒಂದೊಂದಾಗಿ ಜೋರಾಗಿ ಓದಿದರು.

‘ಅರೆ, ಇದು ನಿಜ ಅಲ್ವಾ!’ ಎಂದರು ನಡುವೆ ನಿಲ್ಲಿಸಿ. ‘ನಮ್ಗೆ ಯಾಕೆ ಒಳೀಲಿಲ್ಲ?’

‘ಓದಿ, ಓದಿ, ಮುಂದೇನಿದೆ?’ ಎಂದರು ಮೇಡಂ. ಅವರ ಮುಖ ಹಬ್ಬದೂಟಕ್ಕೆ ಕೂತವರಂತೆ ಅರಳಿತ್ತು. ನಾನು ಇನ್ನೊಂದು ಪ್ಲೇಟ್ ಮೀನು ಹೇಳಿದೆ.