ತಗೋ ಅಂದವನು ನಾನು

ಚಂದ್ರು, ವ್ಯಾಯಾಮದ ಆ ಎಲಿಪ್ಟಿಕಲ್ ಮಷೀನನ್ನು ಮನೆಗೆ ತರಲೋ ಬೇಡವೋ ಎಂದು ನೀನು ನನ್ನ ಎದುರು ಕೂತು ಕೇಳಿದ ಸಂಜೆ ನಾನು ನಿನಗೆ ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ. ಅದು ನಿನ್ನ ಪ್ರಾಣಕ್ಕೇ ಎರವಾಗಬಹುದೆಂದು ನಮ್ಮ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ತಗೋ ಎಂದವನೂ ನಾನೇ.

ಇದನ್ನು ಬಾಯಿ ಬಿಟ್ಟು ಹೇಳಬೇಕೆಂದು ಎಷ್ಟೋ ಸಲ ಮಹಡಿಯ ಮೇಲಿನ ನಿನ್ನ ಮನೆಯ ಮೆಟ್ಟಿಲು ಹತ್ತಿದ್ದೇನೆ, ಅರ್ಧದಲ್ಲೇ ಇಳಿದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬಿದ್ದ ಮೇಲೆ ನಿನಗೆ ಹಿಂದಿನದು ಕೆಲವು ನೆನಪಿಗೆ ಬರುವುದಿಲ್ಲ. ಆದ್ದರಿಂದ ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ ಬರೆಯುತ್ತೇನೆ. ಒಂದನ್ನೂ ಬಿಡಬಾರದು ಎಂದುಕೊಂಡಿದ್ದೇನೆ. ಬಿಟ್ಟುಬಿಡುವ ಅಭ್ಯಾಸ ನನಗೆ ಚೆನ್ನಾಗಿಯೇ ಇದೆ.

ಅಂಚೆ ಕಚೇರಿಯಲ್ಲಿ ನಾನು ತಲೆ ಸುತ್ತಿ ಬಿದ್ದೆನಲ್ಲ, ಶುರುವಾದದ್ದು ಅಲ್ಲಿಂದ. ಒಂದು ಪಾರ್ಸೆಲ್ ಚೀಲವನ್ನು ಎತ್ತಿ ಮೇಜಿನ ಮೇಲಿಡಲು ಹೋಗಿದ್ದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಯಾರೋ ಮುಖಕ್ಕೆ ನೀರು ಹಾಕುತ್ತಿದ್ದರು. ಮನೆಯಲ್ಲಿ ಬಿ.ಪಿ. ಎಂದೆ. ನಿನ್ನ ಅತ್ತಿಗೆ ಸುಶೀಲ ಅಂದಿನಿಂದ ಸಾರಿಗೆ ಉಪ್ಪು ಕಡಿಮೆ ಮಾಡಿದಳು, ನೀನು ಬಿ.ಪಿ. ನೋಡುವ ಯಂತ್ರ ತಂದುಕೊಟ್ಟೆ. ಆದರೆ ನಾನು ಒಬ್ಬನೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ತೋರಿಸಿಕೊಂಡದ್ದು ನಿಮಗೆ ಯಾರಿಗೂ ಗೊತ್ತಿಲ್ಲ. ಎದೆಗೆ ತಣ್ಣಗಿನ ಜೆಲ್ ಸವರಿ ಎಕೋ ಮಾಡಿದರು. ಹೃದಯದ ಗೋಡೆ ದಪ್ಪವಾಗಿದೆ, ರಕ್ತ ಹೊರಗೆ ಹೋಗುವ ದಾರಿ ಕಿರಿದಾಗಿದೆ ಎಂದರು ಡಾಕ್ಟರು. ಆಮೇಲೆ, ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಹೋದವರಿದ್ದಾರೆಯೇ ಎಂದು ಕೇಳಿದರು.

ಅಪ್ಪನ ವಿಷಯ ಹೇಳಿದೆ. ಸೂಲಿಬೆಲೆಯಲ್ಲಿ ಡೈರಿಯ ಮುಂದೆ ಹಾಲಿನ ಕ್ಯಾನನ್ನು ಸೈಕಲ್ಲಿಗೆ ಏರಿಸುತ್ತಿದ್ದವರು ಹಾಗೇ ಕುಸಿದದ್ದು, ಹಾಲೆಲ್ಲ ರಸ್ತೆಗೆ ಚೆಲ್ಲಿಹೋದದ್ದು. ನಿನಗಾಗ ಇನ್ನೂ ಮೀಸೆ ಮೂಡಿರಲಿಲ್ಲ. ಗ್ಯಾಸ್ ಎಂದರು ಕೆಲವರು, ಯಾವುದೋ ಗಾಳಿ ಸೋಕಿತು ಎಂದರು ಕೆಲವರು. ಡಾಕ್ಟರು ಕೇಳಿಸಿಕೊಂಡು ತಲೆಯಾಡಿಸಿದರು.

“ಇದು ರಕ್ತಸಂಬಂಧದಲ್ಲಿ ಬರೋದು. ನಿಮ್ಮ ಒಡಹುಟ್ಟಿದವರು, ಮಕ್ಕಳು, ಎಲ್ಲರಿಗೂ ಎಕೋ ಮಾಡಿಸ್ಬೇಕು. ಮಾಡಿಸೋ ತನಕ ಓಟ, ಜಿಮ್ಮು ಯಾವ್ದೂ ಬೇಡ ಅಂತ ಹೇಳಿ.”

ಹೇಳುತ್ತೇನೆ ಎಂದು ಎದ್ದು ಬಂದೆ.

ನವೀನನಿಗೆ ಮಾಡಿಸಿದೆ. ನಮ್ಮ ಅಂಚೆ ಕಚೇರಿಯ ಸಿಬ್ಬಂದಿಯ ಮನೆಯವರಿಗೆಲ್ಲ ತಪಾಸಣೆ ಇದೆ ಎಂದು ಸುಳ್ಳು ಹೇಳಿ ಮಗನನ್ನು ಕರೆದುಕೊಂಡು ಹೋದೆ. ಏನೂ ತೊಂದರೆಯಿಲ್ಲ ಎಂದು ಅವರು ಹೇಳಿದಾಗ ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಆ ಹೊತ್ತಿನಲ್ಲಿ ನಿನ್ನ ನೆನಪೂ ಬಂತು. ಬರಲಿಲ್ಲ ಎಂದು ಬರೆದರೆ ಅದೊಂದು ಸುಳ್ಳು ಸೇರಿಕೊಳ್ಳುತ್ತದೆ. ಬಂತು — ಬಂದದ್ದನ್ನು ಅಲ್ಲೇ ಅದುಮಿಟ್ಟೆ.

ಯಾಕೆಂದರೆ ಆಗ ನವೀನನಿಗೆ ರಮ್ಯಳನ್ನು ತರುವ ಮಾತು ನಡೆಯುತ್ತಿತ್ತು. ರಮ್ಯ ನಿನ್ನ ಹೆಂಡತಿ ಮಂಜುಳಳ ಅಣ್ಣನ ಮಗಳು. ನಿನಗೆ ಹೇಳಿದರೆ ಮಂಜುಳಳಿಗೆ ತಿಳಿಯುತ್ತದೆ, ಮಂಜುಳಳಿಗೆ ತಿಳಿದರೆ ಅದೇ ದಿನ ದೇವನಹಳ್ಳಿಗೆ, ಅವಳ ತವರಿಗೆ ಮುಟ್ಟುತ್ತದೆ. ಹೃದಯದ ರೋಗ ಇರುವ ವಂಶ, ಹುಡುಗನ ತಾತನೂ ಹಾಗೇ ಹೋದದ್ದಂತೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ? ನವೀನನಿಗೆ ಏನೂ ಇಲ್ಲವೆಂದು ಡಾಕ್ಟರು ಹೇಳಿದ್ದಾರಲ್ಲ, ಮದುವೆಯೊಂದು ಆಗಿಬಿಡಲಿ, ಆಮೇಲೆ ಚಂದ್ರುವಿಗೆ ಹೇಳಿದರಾಯಿತು... ಹೀಗೆ ನನಗೆ ನಾನೇ ಹೇಳಿಕೊಂಡೆ. ನನ್ನ ಮಗನಿಗೆ ಮಾಡಿಸಿದ ಪರೀಕ್ಷೆಯನ್ನು ನಿನಗೆ, ನಿನ್ನ ಮಗಳಿಗೆ ಮಾಡಿಸಲಿಲ್ಲ. ಇದಕ್ಕೆ ಬೇರೆ ಹೆಸರಿಲ್ಲ.

ಆ ದಿನಗಳಲ್ಲೇ ನಿನಗೆ ಸಕ್ಕರೆ ಕಾಯಿಲೆ ಬರುವ ಹಾಗಿದೆ, ಮೈ ಇಳಿಸಿ ಎಂದು ಕ್ಲಿನಿಕ್ಕಿನಲ್ಲಿ ಹೆದರಿಸಿದರು. ನೀನು ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯಲು ಶುರುಮಾಡಿದೆ. ನಾಯಿಗಳು ಅಟ್ಟಿಸಿಕೊಂಡು ಬಂದು ಒಂದು ನಿನ್ನ ಮೀನಖಂಡಕ್ಕೇ ಬಾಯಿ ಹಾಕಿತು. ಅಲ್ಲಿಗೆ ನಡೆಯುವುದು ನಿಂತಿತು. ನೀನು ನಡೆಯದೆ ಇರುವುದು ನನಗೆ ನೆಮ್ಮದಿಯೇ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಅಷ್ಟರಲ್ಲಿ ನಿನ್ನ ಮಗಳು ಸಿಂಚನ ತನ್ನ ಫೋನಿನಲ್ಲಿ ಆ ಮಷೀನನ್ನು ತೋರಿಸಿದಳು. ಎರಡು ಪೆಡಲಿನ ಮೇಲೆ ನಿಂತು, ಎರಡು ಹಿಡಿಕೆ ಹಿಡಿದು ಹಿಂದೆ ಮುಂದೆ ತಳ್ಳುತ್ತಾ ಕಾಲು ಆಡಿಸುವುದು; ಮಂಡಿಗೆ ಪೆಟ್ಟಿಲ್ಲ, ಮನೆಯೊಳಗೇ ಆಗುತ್ತದೆ, ನಾಯಿಯ ಕಾಟವಿಲ್ಲ. ಮಂಜುಳ ಒಪ್ಪಲಿಲ್ಲ. ಆರಂಭಶೂರತ್ವ ಮುಗಿದ ಮೇಲೆ ಅದು ಒದ್ದೆ ಟವೆಲ್ ಒಣಹಾಕುವ ಸ್ಟ್ಯಾಂಡು ಆಗುತ್ತದೆ ಎಂದಳು. ತರೋಣ, ಬೇಡ ಎಂದು ನಿಮ್ಮಲ್ಲಿ ದಿನಗಟ್ಟಲೆ ಚರ್ಚೆ. ಕೊನೆಗೆ ಅಣ್ಣ ಹೇಳಿದ ಹಾಗೆ ಮಾಡೋಣ ಎಂದು ಮೂವರೂ ಕೆಳಗೆ ಬಂದಿರಿ.

“ಅಣ್ಣ, ನೀನೇ ಒಂದ್ಮಾತು ಹೇಳ್ಬಿಡು. ತಗೊಳ್ಳಲಾ, ಬೇಡ್ವಾ?”

ನಾನು ಜಾಗ ಸಾಲದು ಎಂದೆ. ಕಿಟಕಿಯ ಕೆಳಗೆ ಅಳೆದು ನೋಡಿದ್ದೇನೆ ಎಂದೆ ನೀನು. ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದೆ ನಾನು. ಎಲೆಕ್ಟ್ರಿಕ್ ಅಂಗಡಿ ಇಟ್ಟುಕೊಂಡವನನ್ನು ಹೀಗೆ ಕೇಳುತ್ತೀಯಲ್ಲ ಎಂದು ನೀನು ನಕ್ಕೆ. ನನ್ನ ಬಳಿ ಇದ್ದ ನೆಪಗಳು ಮುಗಿದವು. ಮಂಜುಳ, ಸಿಂಚನ ಇಬ್ಬರೂ ಸುಶೀಲಳ ಹಿಂದೆ ಅಡುಗೆಮನೆಗೆ ಹೋದರು. ಆಗ ನೀನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ನಗು ಹೋಗಿತ್ತು.

“ಅಪ್ಪ ಹೋದ ವಯಸ್ಸು ಹತ್ರ ಬಂತು ಅಣ್ಣ. ಒಂದೊಂದ್ಸಲ ಭಯ ಆಗ್ತದೆ. ಅದಕ್ಕೇ ಮೈ ಇಳಿಸ್ಬೇಕು ಅಂತ ಇಷ್ಟೊಂದು ಒದ್ದಾಡ್ತಾ ಇರೋದು. ನಿಂಗೆ ಡಾಕ್ಟ್ರು ಹಾರ್ಟ್ ವಿಷ್ಯ ಏನಾದ್ರೂ ಅಂದಿದ್ರಾ?”

ಅಷ್ಟು ನೇರವಾಗಿ ಕೇಳಿದೆ, ಚಂದ್ರು. ಹೇಳುವುದಕ್ಕೆ ನಾನು ದಾರಿ ಹುಡುಕಬೇಕಾಗಿರಲಿಲ್ಲ. ನೀನೇ ಬಾಗಿಲು ತೆರೆದು ನಿಂತಿದ್ದೆ. ನಾಲಗೆಯ ತುದಿಗೂ ಬಂತು. ಒಳಗಿನಿಂದ ಮಂಜುಳಳ ದನಿ ಕೇಳಿಸುತ್ತಿತ್ತು. ಸುಶೀಲಳ ಜೊತೆ ನಿಶ್ಚಿತಾರ್ಥದ ಸೀರೆಯ ಬಣ್ಣ ಮಾತಾಡುತ್ತಿದ್ದಳು.

“ಏನೂ ಅನ್ಲಿಲ್ಲ ಕಣೋ. ಬರೀ ಬಿ.ಪಿ. ಅಷ್ಟೇ,” ಎಂದೆ. ನೀನು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದೆ. ಆ ನೋಟ ತಪ್ಪಿಸಲು ಇನ್ನೊಂದು ಮಾತು ಸೇರಿಸಿದೆ. “ತಗೋ. ಒಳ್ಳೇದೇ.”

ನಿನ್ನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಮಷೀನು ಬಂತು. ಟೆಂಪೋದಿಂದ ಇಳಿಸಿ ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ ಹತ್ತಿಸುವಾಗ ನಾನೂ ಒಂದು ಕೈ ಹಾಕಿದೆ. ಮಂಜುಳ ಅರಿಶಿನ ಕುಂಕುಮ ಹಚ್ಚಿದಳು, ನೀನು ತೆಂಗಿನಕಾಯಿ ಒಡೆದೆ. ಅದು ನಿಂತದ್ದು, ಕೆಳಗೆ ನಾನು ಬೆಳಿಗ್ಗೆ ಕಾಫಿ ಕುಡಿಯುವ ಜಾಗಕ್ಕೆ ಸರಿಯಾಗಿ ಮೇಲೆ.

ಆವತ್ತಿನಿಂದ ನಾನು ಭಯವನ್ನು ಕಿವಿಯಲ್ಲಿ ಇಟ್ಟುಕೊಂಡು ಬದುಕಿದೆ. ಬೆಳಗಾದರೆ ತಲೆಯ ಮೇಲೆ ಸುಯ್ — ಕಿರ್ರ್ — ಸುಯ್ — ಕಿರ್ರ್ ಎಂದು ಶುರು. ಅದು ನಡೆಯುತ್ತಿರುವಷ್ಟು ಹೊತ್ತು ಕಾಫಿ ಲೋಟದಲ್ಲೇ ಆರಿಹೋಗುತ್ತಿತ್ತು. ವೇಗ ಹೆಚ್ಚಾದರೆ ನನ್ನ ಎದೆ ಬಡಿತ ಏರುತ್ತಿತ್ತು. ಆದರೆ ಅದಕ್ಕಿಂತ ಕೆಟ್ಟದ್ದು ಸದ್ದು ನಿಂತಾಗ. ನಿಂತಿತು. ಯಾಕೆ ನಿಂತಿತು? ನಾನು ಉಸಿರು ಹಿಡಿದು ಸೂರು ನೋಡುತ್ತಾ ಕೂರುತ್ತಿದ್ದೆ. ನಿನ್ನ ಹೆಜ್ಜೆ ಕೇಳಿಸಿದ ಮೇಲೆ, ಬಚ್ಚಲಿನ ನಲ್ಲಿ ಬಿಟ್ಟ ಸದ್ದು ಬಂದ ಮೇಲೆ, ಉಸಿರು ಬಿಡುತ್ತಿದ್ದೆ. ನಡುವೆ ನಡುವೆ ಫೋನು ಮಾಡಿ ಏನಾದರೊಂದು ಕೇಳುತ್ತಿದ್ದೆ, ನೀನು ಇಳಿದು ಮಾತಾಡಲಿ ಎಂದು. ಸುಶೀಲಳ ಕೈಯಲ್ಲಿ ದೋಸೆ ಕೊಟ್ಟು ಕಳಿಸುತ್ತಿದ್ದೆ. ನಿಧಾನಕ್ಕೆ ಮಾಡೋ ಎಂದು ಹೇಳುತ್ತಿದ್ದೆ. ಎಲ್ಲವನ್ನೂ ಮಾಡಿದೆ — ಮಾಡಬೇಕಾದ್ದೊಂದನ್ನು ಬಿಟ್ಟು.

ನಿಶ್ಚಿತಾರ್ಥ ಆಯಿತು. ಮದುವೆ ಆಯಿತು. ಮದುವೆಯಾದ ಮೇಲೆ ಹೇಳುತ್ತೇನೆ ಎಂದುಕೊಂಡಿದ್ದೆನಲ್ಲ, ಆಗ ಹೊಸ ಭಯ ಹುಟ್ಟಿತು. ಈಗ ರೋಗದ ವಿಷಯ ಮಾತ್ರವಲ್ಲ, ಇಷ್ಟು ದಿನ ಮುಚ್ಚಿಟ್ಟ ವಿಷಯವನ್ನೂ ಹೇಳಬೇಕು. ಯಾಕೆ ಮುಚ್ಚಿಟ್ಟೆ ಎಂದು ಮಂಜುಳ ಕೇಳುತ್ತಾಳೆ, ಅವಳ ಅಣ್ಣ ಕೇಳುತ್ತಾನೆ, ರಮ್ಯ ನಮ್ಮ ಮನೆಯಲ್ಲೇ ಇದ್ದುಕೊಂಡು ಕೇಳುತ್ತಾಳೆ. ಅಷ್ಟರಲ್ಲಿ ನೀನು ಸಣ್ಣಗಾಗಿದ್ದೆ. ಸಕ್ಕರೆ ಇಳಿದಿತ್ತು. ಊರವರೆಲ್ಲ ಹೊಗಳುತ್ತಿದ್ದರು. ನೋಡು, ಇವನಿಗೆ ಏನೂ ಇಲ್ಲ, ಇದ್ದಿದ್ದರೆ ಇಷ್ಟು ದಿನದಲ್ಲಿ... ಎಂದು ನಾನೂ ನಂಬಲು ಹೊರಟೆ.

ಒಂದು ದಿನ ಬೆಳಿಗ್ಗೆ ಮೇಲಿನಿಂದ ಸದ್ದೇ ಇಲ್ಲ. ಕಾದೆ. ಇಲ್ಲ. ಚಪ್ಪಲಿಯನ್ನೂ ಮೆಟ್ಟದೆ ಮೇಲೆ ಓಡಿದೆ. ನೀನು ಮಷೀನಿನ ಮೇಲೆ ಬೆವರು ಸುರಿಸುತ್ತಾ ಆರಾಮಾಗಿ ಕಾಲಾಡಿಸುತ್ತಿದ್ದೆ.

“ಪಾಪ, ನಿಂಗೆ ಈ ಸದ್ದಿಂದ ತೊಂದ್ರೆ ಆಗ್ತಾ ಇತ್ತಲ್ಲ ಅಣ್ಣ. ಅದಕ್ಕೇ ಪೆಡಲ್‌ಗೆ ಆಯಿಲ್ ಬಿಟ್ಟು, ಅಡೀಗೆ ದಪ್ಪನೆ ರಬ್ಬರ್ ಮ್ಯಾಟ್ ಹಾಕ್ಸಿದೆ,” ಎಂದೆ ನೀನು.

ನನ್ನ ಮೇಲಿನ ಅಕ್ಕರೆಯಿಂದ ಮಾಡಿದ್ದು. ಅಂದಿನಿಂದ ನನಗೆ ನಿನ್ನ ಸುಳಿವೇ ಸಿಗದಾಯಿತು. ಕೆಳಗೆ ಕೂತು ಏನೂ ಕೇಳಿಸದೆ ಕಾಯುವುದು ಎಂಥದ್ದೆಂದರೆ... ಬೇಡ. ಅದನ್ನು ಬರೆದರೆ ನನ್ನ ಕಷ್ಟ ಹೇಳಿಕೊಂಡ ಹಾಗಾಗುತ್ತದೆ.

ಕೊನೆಗೆ ಕೇಳಿಸಿದ್ದು ನಿನ್ನ ಮಗಳ ಕೂಗು. “ದೊಡ್ಡಪ್ಪ, ಬೇಗ ಬನ್ನಿ, ಅಪ್ಪ ಬಿದ್ಬಿಟ್ರು.” ನನಗೆ ಆಶ್ಚರ್ಯವಾಗಲಿಲ್ಲ, ಚಂದ್ರು. ಮೆಟ್ಟಿಲು ಹತ್ತುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು, ಬಂತು, ಇವತ್ತು ಬಂತು ಎಂಬುದೊಂದೇ. ನೀನು ಮಷೀನಿನ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದೆ, ತುಟಿ ನೀಲಿಗಟ್ಟಿತ್ತು. ಎದೆ ಒತ್ತುವುದನ್ನು ನಾನು ಫೋನಿನಲ್ಲಿ ಕದ್ದು ನೋಡಿ ಕಲಿತುಕೊಂಡಿದ್ದೆ. ಇಂಥ ದಿನ ಬರುತ್ತದೆಂದು ಗೊತ್ತಿದ್ದವನು ತಾನೇ. ಒತ್ತಿದೆ. ಪಕ್ಕದ ಮನೆಯವರ ಕಾರಿನ ಹಿಂದಿನ ಸೀಟಿನಲ್ಲೂ ಒತ್ತುತ್ತಲೇ ಇದ್ದೆ. ಹೆದ್ದಾರಿಯ ಬದಿಯ ಆಸ್ಪತ್ರೆಯಲ್ಲಿ ನಿನ್ನ ಎದೆಗೆ ಶಾಕ್ ಕೊಟ್ಟರು. ಹೃದಯ ಮತ್ತೆ ಬಡಿಯತೊಡಗಿತು.

ಹೊರಗೆ ಬಂದ ಡಾಕ್ಟರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು ಕೇಳಿದರು. ಮಂಜುಳ ಸೆರಗಿನಿಂದ ಮುಖ ಒರೆಸಿಕೊಂಡು, “ಇಲ್ಲ ಸಾರ್, ನಮ್ಮ ಭಾವಂಗೆ ಬರೀ ಬಿ.ಪಿ. ಅಷ್ಟೇ,” ಎಂದಳು. ನನ್ನ ಮಾತನ್ನೇ, ನಾನು ಹೇಳಿದ ಹಾಗೆಯೇ. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಡಾಕ್ಟರು ಒಳಗೆ ಹೋದ ಮೇಲೆ ಹಿಂದೆಯೇ ಹೋಗಿ, ಯಾರಿಗೂ ಕೇಳಿಸದಂತೆ ನಿಜ ಹೇಳಿದೆ. ತಮ್ಮನಿಗೆ ತಿಳಿಸಿರಲಿಲ್ಲವೇ ಎಂದರು. ಇಲ್ಲವೆಂದೆ. ಮನೆಯವರಿಗೆ ದಯವಿಟ್ಟು ಹೇಳಬೇಡಿ ಎಂದೂ ಬೇಡಿದೆ. ಅದು ನೀವೇ ಹೇಳಬೇಕಾದ್ದು ಎಂದಷ್ಟೇ ಅಂದು ಅವರು ತಿರುಗಿ ನಡೆದರು.

ಆಮೇಲಿನದು ಇನ್ನೂ ನಾಚಿಕೆಗೇಡು. ನಿನಗೂ ಅದೇ ರೋಗವೆಂದು ತಿಳಿದು ಎಲ್ಲರೂ ಎಕೋ ಮಾಡಿಸಿಕೊಳ್ಳಬೇಕೆಂದಾಗ ನಾನೂ ಬೇರೊಂದು ಆಸ್ಪತ್ರೆಯ ಸಾಲಿನಲ್ಲಿ ಕೂತೆ, ಏನೂ ಅರಿಯದವನ ಹಾಗೆ. ನನಗೂ ಇದೆ ಎಂದು ಅವರು ಹೇಳಿದಾಗ ತಲೆಯ ಮೇಲೆ ಕೈ ಹೊತ್ತು ಕೂತೆ. ಸುಶೀಲ ಅತ್ತಳು, ನವೀನ ಬೆನ್ನು ಸವರಿದ. ನಿನ್ನ ಕೊರಳ ಕೆಳಗೆ ಚರ್ಮದೊಳಗೆ, ಬಡಿತ ತಪ್ಪಿದರೆ ತಾನೇ ಶಾಕ್ ಕೊಡುವ ಆ ಪುಟ್ಟ ಯಂತ್ರ ಕೂರಿಸಿ ಆಗಿನ್ನೂ ಕೆಲವೇ ದಿನ. ಬಿದ್ದ ಹೊತ್ತಿನಲ್ಲಿ ಮೆದುಳಿಗೆ ರಕ್ತ ಹೋಗದೆ ನಿನ್ನ ಮಾತು ತಡವರಿಸುತ್ತಿತ್ತು, ಹೆಸರುಗಳು ಸಿಗುತ್ತಿರಲಿಲ್ಲ. ಆದರೂ ನನ್ನ ಕೈ ಹಿಡಿದುಕೊಂಡು ಒಂದೊಂದೇ ಪದ ಕೂಡಿಸಿ ಹೇಳಿದೆ.

“ನಾನು ಬಿದ್ದಿದ್ದಕ್ಕೆ... ನಿಂದು ಗೊತ್ತಾಯ್ತಲ್ಲ ಅಣ್ಣ. ಒಳ್ಳೇದೇ ಆಯ್ತು ಬಿಡು.”

ಇವತ್ತಿಗೂ ನೆಂಟರು ಬಂದರೆ ಅಣ್ಣನೇ ನನ್ನ ಜೀವ ಉಳಿಸಿದ ಎಂದು ತೋರಿಸುತ್ತೀಯ. ನಾನು ತಲೆ ತಗ್ಗಿಸಿದರೆ ಅದನ್ನು ವಿನಯ ಎಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಈಗ ಮಂಜುಳ ಕೂರುತ್ತಾಳೆ. ವೈರು, ಸ್ವಿಚ್ಚುಗಳ ಹೆಸರು ನಿನಗೆ ಬಾಯಿಗೆ ಬರುವುದಿಲ್ಲವೆಂದು ನೀನು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದೀಯ. ಸಿಂಚನಳ ಹೃದಯದಲ್ಲೂ ಗೋಡೆ ದಪ್ಪವಾಗಲು ಶುರುವಾಗಿದೆ. ಕಾಲೇಜಿನ ಥ್ರೋಬಾಲ್ ತಂಡದಲ್ಲಿ ಅಷ್ಟು ಕಾಲ ಓಡಿ ಹಾರಿ ಆಡಿದ ಹುಡುಗಿ. ನಾನು ಬಾಯಿ ಮುಚ್ಚಿಕೊಂಡಿದ್ದಾಗಲೂ ಆಡುತ್ತಿದ್ದಳು.

ನಿನ್ನೆ ಅವಳು ಕೆಳಗೆ ಬಂದು ನನ್ನ ಪಕ್ಕ ಕೂತಳು. ಆಮೇಲೆ, “ಅಮ್ಮ ಬೇಡ ಅಂದ್ರೂ ಆ ಮಷೀನ್ ತಗೋ ಅಂತ ಅಪ್ಪನ ಹಿಂದೆ ಬಿದ್ದವಳು ನಾನು ದೊಡ್ಡಪ್ಪ. ಅಪ್ಪಂಗೆ ಹಿಂಗಾಗಿದ್ದು ನನ್ನಿಂದಾನೇ,” ಎಂದಳು. ಯಾರಿಗೂ ಹೇಳಬೇಡಿ ಎಂದಳು. ಬಿದ್ದ ದಿನದಿಂದಲೂ ಇದನ್ನು ಒಳಗೇ ಇಟ್ಟುಕೊಂಡಿದ್ದಾಳೆ. ಊಟ ಸೇರುವುದಿಲ್ಲವಂತೆ. ಕಣ್ಣು ಮುಚ್ಚಿದರೆ ನೀನು ಬಿದ್ದದ್ದೇ ಕಾಣುತ್ತದಂತೆ.

ಆಗಲೂ ನಾನು ಹೇಳಲಿಲ್ಲ, ಚಂದ್ರು. ನಿನ್ನ ತಪ್ಪಲ್ಲಮ್ಮ ಎಂದು ತಲೆ ಸವರಿ ಕಳಿಸಿದೆ. ಅವಳು ನಂಬಲಿಲ್ಲ. ಹೇಗೆ ನಂಬುತ್ತಾಳೆ? ಯಾರ ತಪ್ಪು ಎಂದು ನಾನು ಹೇಳಲಿಲ್ಲವಲ್ಲ.

ಇಷ್ಟು ಬರೆದಾಗ ಬೆಳಕು ಹರಿದಿದೆ. ಮೇಲೆ ನೀವು ಎದ್ದಿದ್ದೀರಿ, ಮಂಜುಳ ಅಂಗಡಿಗೆ ಹೊರಡುವುದಕ್ಕೆ ಇನ್ನೂ ಹೊತ್ತಿದೆ. ಸುಶೀಲ, ನವೀನ, ರಮ್ಯ ಮೂವರನ್ನೂ ನಿಮ್ಮ ಹಾಲಿಗೇ ಬರಲು ಹೇಳಿದ್ದೇನೆ. ಯಾಕೆಂದು ಕೇಳಿದರು, ಅಲ್ಲೇ ಹೇಳುತ್ತೇನೆ ಎಂದೆ. ಈ ಮನೆಯಲ್ಲಿ ನಾಳೆಯಿಂದ ನನ್ನೊಂದಿಗೆ ಯಾರು ಮಾತಾಡುತ್ತಾರೋ ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ; ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಸಲ್ಲುವುದಲ್ಲ. ಸಿಂಚನಳನ್ನು ಎದುರಿಗೆ ಕೂರಿಸಿಕೊಂಡು ಈ ಕಾಗದವನ್ನು ಮೊದಲ ಸಾಲಿನಿಂದ ಓದುತ್ತೇನೆ. ಮೇಲೆ ಬರುತ್ತಿದ್ದೇನೆ.